ಹಿರಿಯೂರಿನ ಭಾನುವಾರದ ಬರವಣಿಗೆ ತರಗತಿ: ನಾಲ್ಕು ತಿಂಗಳ ಅನುಭವ

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ (ವಾಣಿ ವಿಲಾಸ ಸಾಗರ) ಜಲಾಶಯ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಾಗ ಊರಿಗೆ ಊರೇ ಜಾತ್ರೆಗೆ ಹೊರಟಂತೆ ನೀರು ನೋಡಲು ಹೋಯಿತು. ಅದೇ ಮಳೆಗೆ ತಗ್ಗಿನಲ್ಲಿದ್ದ ನಮ್ಮ ಮನೆಗೆ ನೀರು ನುಗ್ಗಿ, ಒಂಬತ್ತನೆಯ ತರಗತಿಯ ಮಗಳ ಪುಸ್ತಕಗಳೆಲ್ಲ ಮುದ್ದೆಯಾದವು. ಆಮೇಲೆ ಅವಳು ಬರೆಯುವುದನ್ನೇ ಬಹುಮಟ್ಟಿಗೆ ಬಿಟ್ಟಳು. ಶಾಲೆಯಲ್ಲಿ ‘ನೆರೆ ಹಾವಳಿ’ ಎಂಬ ಪ್ರಬಂಧ ಕೊಟ್ಟಾಗಲೂ ಗೈಡಿನ ನಾಲ್ಕು ಸಾಲು ಇಳಿಸಿ ಸುಮ್ಮನಾದಳು.

ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮನೆಯ ಮಹಡಿಯಲ್ಲಿ ನಡೆಸುವ ಈ ತರಗತಿಗೆ ಅವಳನ್ನು ಸೇರಿಸಿದೆವು. ತಿಂಗಳಿಗೆ 400 ರೂಪಾಯಿ, ಭಾನುವಾರ ಎರಡು ಗಂಟೆ, ಎಂಟರಿಂದ ಹತ್ತನೆಯ ತರಗತಿಯ ಹದಿನಾಲ್ಕು ಮಕ್ಕಳು.

ಮೇಡಂ ನೆರೆಯ ಮೇಲೆ ಪ್ರಬಂಧ ಬರೆಸಲೇ ಇಲ್ಲ. ಮೊದಲು ಬರೆಸಿದ್ದು, ನೀರಿನಲ್ಲಿ ಹಾಳಾದ ದಾಖಲೆಗಳ ನಕಲು ಕೋರಿ ತಹಶೀಲ್ದಾರರಿಗೆ ಅರ್ಜಿ. ಪರೀಕ್ಷೆಯ ಪತ್ರಲೇಖನದ ನಮೂನೆಯೂ ಇದೇ. ಆದರೆ ಇದನ್ನು ಮರುದಿನ ನಾನು ನಿಜವಾಗಿ ಕಚೇರಿಗೆ ಒಯ್ಯಬೇಕಿತ್ತು. ಮಗಳು ‘ಪಡಿತರ ಚೀಟಿ ನೀರಿನಲ್ಲಿ ಹೋಯಿತು’ ಎಂದು ಬರೆದಿದ್ದಳು. ‘ಹೋಯಿತು ಎಂದರೆ ಕಳೆದುಹೋಗಿದೆ ಎಂದುಕೊಂಡು ಗುಮಾಸ್ತರು ಪೊಲೀಸ್ ದೂರು ಕೇಳಿಯಾರು, ನೋಡಮ್ಮ’ ಎಂದು ಮೇಡಂ ಹೇಳಿದ ಮೇಲೆ ಅದನ್ನು ಹೊಡೆದು, ‘ನೆನೆದು ಅಕ್ಷರ ಕಾಣದಂತಾಗಿದೆ’ ಎಂದು ತಾನೇ ತಿದ್ದಿದಳು. ಒಂದು ಕ್ರಿಯಾಪದಕ್ಕೆ ಇಷ್ಟು ಬೆಲೆಯಿದೆಯೆಂದು ಅವಳಿಗೆ ಯಾವ ವ್ಯಾಕರಣ ಪಾಠವೂ ತೋರಿಸಿರಲಿಲ್ಲ.

ನೋವನ್ನು ಬರೆದರೆ ಮನಸ್ಸು ಹಗುರಾಗುತ್ತದೆ ಎನ್ನುವವರು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಉದಾಹರಿಸುವುದುಂಟು. ಅಲ್ಲಿ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದವರು ಕಾಲೇಜು ವಿದ್ಯಾರ್ಥಿಗಳು. ನೋವಿನ ಸಂಗತಿ ಬರೆದವರಿಗೆ ಆ ಕ್ಷಣಕ್ಕೆ ಬೇಸರ ಹೆಚ್ಚೇ ಆಗಿತ್ತು. ಆದ್ದರಿಂದ ಹದಿನಾಲ್ಕರ ಹುಡುಗಿಯನ್ನು ಒತ್ತಾಯಿಸದೆ ಕಾದದ್ದು ಸರಿಯೆಂದೇ ನನ್ನ ಅಭಿಪ್ರಾಯ. ಮೂರನೆಯ ತಿಂಗಳು ಅವಳು ತಾನಾಗಿ ಒಂದೂವರೆ ಪುಟ ಬರೆದಳು: ನೆನೆದ ರಾಗಿಚೀಲ ಮೊಳಕೆಯೊಡೆದು ಅಡುಗೆಮನೆಯೆಲ್ಲ ಹುಳಿ ನಾರಿದ ಬಗ್ಗೆ.

ಕೊರತೆಯಿರುವುದು ಓದಿನಲ್ಲಿ. ಒತ್ತಕ್ಷರ ಬಂದಲ್ಲಿ ತಡವರಿಸುವ ಎಂಟನೆಯ ತರಗತಿಯ ಇಬ್ಬರು ಹುಡುಗರು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುತ್ತಿದ್ದರು. ಅವರು ಹೇಳಿದ್ದನ್ನು ಬೇರೆಯವರಿಂದ ಬರೆಸಿ, ಅದನ್ನೇ ಅವರಿಂದ ಓದಿಸಬಹುದಿತ್ತು. ಒಬ್ಬ ಈಗ ಬರುತ್ತಿಲ್ಲ. ಹಳೆಯ ದಿನಪತ್ರಿಕೆಗಳನ್ನು ಬಿಟ್ಟರೆ ಓದಲು ಅಲ್ಲಿ ಬೇರೇನೂ ಇಲ್ಲ. ಅಂಕಕ್ಕಾಗಿಯೇ ಸೇರಿಸುವವರು ಬೇರೆ ಟ್ಯೂಷನ್ ನೋಡಿಕೊಳ್ಳುವುದು ಒಳ್ಳೆಯದು, ಗಾದೆ ವಿಸ್ತರಣೆಯನ್ನು ಮೇಡಂ ಅಪರೂಪಕ್ಕೆ ಮುಟ್ಟುತ್ತಾರೆ. ನಾವು ಮಾರ್ಚ್‌ವರೆಗಿನ ಶುಲ್ಕ ಕಟ್ಟಿದ್ದೇವೆ.