ಜರ್ಮನ್ ಡೆಲಿ, ಮಾಲೀಕರು ಬದಲಾದ ಮೇಲೆ: ಹಳೇ ಗಿರಾಕಿಯೊಬ್ಬನ ಲೆಕ್ಕ

ಅಮೆರಿಕದ ಮಿಲ್ವಾಕಿಯ ಪಶ್ಚಿಮಕ್ಕೆ, ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಜರ್ಮನ್ ಡೆಲಿ, ಅಂದರೆ ಸಾಸೇಜ್, ಹ್ಯಾಮ್, ಬ್ರೆಡ್ ಮಾರುವ ಅಂಗಡಿ, ಇದೆ. ಹೆಸರು ಬರೆಯುವುದಿಲ್ಲ. ದೂರು ಹೇಳುವುದಿದೆ, ಮತ್ತೆ ಶನಿವಾರ ಬಂದರೆ ಅಲ್ಲಿಗೇ ಹೋಗಿ ಕ್ಯೂ ನಿಲ್ಲುವುದೂ ಇದೆ. 2013ರಿಂದ ನಾನು ಅಲ್ಲಿನ ಗಿರಾಕಿ. ಮೊದಲ ಒಂಬತ್ತು ವರ್ಷ ಹಳೇ ಮಾಲೀಕರು: ಅಜ್ಜ ಹಿಂದಿನ ಕೋಣೆಯಲ್ಲಿ, ಅಜ್ಜಿ ಕೌಂಟರಿನಲ್ಲಿ. 2022ರಲ್ಲಿ ಮಾರಿಬಿಟ್ಟರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಾಂಸ ಅರೆಯುವುದು ಅವರ ಮಕ್ಕಳಿಗೆ ಬೇಡವಾಗಿತ್ತು. ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ. ಕೊಡಗಿನಲ್ಲಿ ನಮ್ಮ ಕಾಫಿ ತೋಟ ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಅಂತ ಕೇಳಿದರೆ ನಾನೂ ತಲೆ ತಗ್ಗಿಸಬೇಕು.

ಮಿಲ್ವಾಕಿಯನ್ನು ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನ್ ಅಥೆನ್ಸ್ ಅಂತ ಕರೆಯುತ್ತಿದ್ದರು. ಊಸಿಂಗರ್ಸ್‌ನವರು 1880ರಿಂದ ಇಲ್ಲೇ ಸಾಸೇಜ್ ಮಾಡುತ್ತಿದ್ದಾರೆ. ಹಾಗಾಗಿ ಇಲ್ಲಿಯ ಜನಕ್ಕೆ ಒಳ್ಳೆಯದು ಯಾವುದು, ಸಾಧಾರಣ ಯಾವುದು ಅಂತ ನಾಲಿಗೆ ಮೇಲೇ ಗೊತ್ತು. ನನಗೆ ಗೊತ್ತಾಗುವುದು ಒಂದೇ: ಹೊಗೆ. ಕೊಡಗಿನ ನಮ್ಮ ಮನೆಯಲ್ಲಿ ಒಲೆಯ ಮೇಲೆ ಮಾಂಸ ಕಟ್ಟಿ ಒಣಗಿಸುತ್ತಿದ್ದರು, ಮಳೆಗಾಲಕ್ಕೆ ಅಂತ. ಡೆಲಿಯ ಅಜ್ಜನ ಡಬಲ್ ಸ್ಮೋಕ್ಡ್ ಬೇಕನ್ (ಉಪ್ಪು ಹಾಕಿ ಎರಡು ಸಲ ಹೊಗೆಯಾಡಿಸಿದ ಹಂದಿಮಾಂಸ) ಮೊದಲ ಸಲ ಮೂಗಿಗೆ ಹಿಡಿದಾಗ ನನಗೆ ಜರ್ಮನಿ ನೆನಪಾಗಲಿಲ್ಲ, ನಮ್ಮ ಅಡುಗೆಮನೆಯ ಮಸಿ ಹಿಡಿದ ಅಟ್ಟ ನೆನಪಾಯಿತು. ಸ್ಲೈಸರ್‌ಗೆ ಸಿಗದ ತುದಿ ತುಂಡುಗಳನ್ನು ಅಜ್ಜಿ ಕಾಗದದಲ್ಲಿ ಸುತ್ತಿ ನನಗೆಂದು ಎತ್ತಿಡುತ್ತಿದ್ದರು. ಅದಕ್ಕೆ ಕರಿಮೆಣಸು, ಕೊಡಗಿನ ಹುಳಿ ಕಾಚಂಪುಳಿ ಹಾಕಿ ಮಾಡಿದ ಕರಿಗೆ ಪಂದಿ ಕರಿ ಅಂದರೆ ಊರಲ್ಲಿ ಒಪ್ಪುವುದಿಲ್ಲ. ನಾನು ಊರಲ್ಲಿಲ್ಲವಲ್ಲ.

ಹೊಸಬರು ಗಂಡ ಹೆಂಡತಿ, ಇನ್ನೂ ಚಿಕ್ಕ ವಯಸ್ಸು, ಇಬ್ಬರೂ ಹೋಟೆಲ್ ಅಡುಗೆಯಲ್ಲಿ ಪಳಗಿದವರು. ಗೋಡೆಯ ಕುಕ್ಕೂ ಗಡಿಯಾರ, ನಂಬರ್ ಚೀಟಿ ಹರಿದುಕೊಳ್ಳುವ ಕೆಂಪು ಡಬ್ಬಿ, ಎಲ್ಲ ಹಾಗೇ ಇಟ್ಟಿದ್ದಾರೆ. ಬೇಕನ್ ಮುಂದಿನ ಬೋರ್ಡೂ ಹಾಗೇ ಇತ್ತು: ನಮ್ಮಲ್ಲೇ ಎರಡು ಸಲ ಹೊಗೆಯಾಡಿಸಿದ್ದು.

ಮನೆಗೆ ತಂದು ಬಾಣಲೆಗೆ ಹಾಕಿದೆ. ಬಿಳಿ ನೊರೆ ಎದ್ದಿತು. ಒಣ ಉಪ್ಪು ಸವರಿ ದಿನಗಟ್ಟಲೆ ಇಟ್ಟ ಬೇಕನ್ನಿನಲ್ಲಿ ನೀರು ಮೊದಲೇ ಇಳಿದುಹೋಗಿರುತ್ತದೆ, ಬಾಣಲೆಯಲ್ಲಿ ತಿಳಿಯಾದ ಕೊಬ್ಬು ಮಾತ್ರ ಬಿಡುತ್ತದೆ. ಉಪ್ಪುನೀರು ಚುಚ್ಚಿ ತೂಕ ಏರಿಸಿದ್ದಾದರೆ ಆ ನೀರೆಲ್ಲ ನೊರೆಯಾಗಿ ಉಕ್ಕಿ, ತುಂಡು ಅರ್ಧಕ್ಕೆ ಮುದುಡಿಕೊಳ್ಳುತ್ತದೆ. ಮೂರು ವಾರ ತಂದು ನೋಡಿದೆ, ಮೂರು ವಾರವೂ ನೊರೆ. ಬೆಲೆ ಮಾತ್ರ ಹಳೆಯದಕ್ಕಿಂತ ಜಾಸ್ತಿ.

ನಾಲ್ಕನೇ ವಾರ ಕೇಳಿಯೇ ಬಿಟ್ಟೆ. ಮಾಲೀಕರು ಸುಳ್ಳು ಹೇಳಲಿಲ್ಲ. ಹೊಗೆಗೂಡು ಹಳೆಯದು, ರಿಪೇರಿಗೆ ದುಡ್ಡು ಕೂಡಿಸುತ್ತಿದ್ದೇವೆ, ಅಲ್ಲಿವರೆಗೆ ಉಪ್ಪಿಟ್ಟ ಮಾಂಸ ಹೊರಗಿನಿಂದ ತರಿಸಿ ಇಲ್ಲಿ ಒಂದೇ ಸಲ ಹೊಗೆ ಹಾಕುತ್ತೇವೆ ಅಂದರು. ಸರಿ, ಆದರೆ ಬೋರ್ಡು? ಅದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಶನಿವಾರ ಬೋರ್ಡ್ ತೆಗೆದಿದ್ದರು. ನನಗೆ ಸಿಟ್ಟು ಬಂದದ್ದು ನೊರೆಗಲ್ಲ, ಆ ಬೋರ್ಡಿಗೆ.

ವೈಸ್‌ವುರ್ಸ್ಟ್ ವಿಷಯದಲ್ಲಿ ಮಾತ್ರ ಹೊಸಬರೇ ಮೇಲು, ಹಳೇ ಗಿರಾಕಿಗಳು ನನ್ನ ಮೇಲೆ ಮುನಿಸಿಕೊಂಡರೂ ಸರಿ. ಎಳೆಗರುವಿನ ಮಾಂಸ, ಹಂದಿಯ ಬೆನ್ನಿನ ಕೊಬ್ಬು, ಪಾರ್ಸ್ಲಿ, ನಿಂಬೆ ಸಿಪ್ಪೆ ಸೇರಿಸಿ ಮಾಡುವ ಬಿಳಿ ಸಾಸೇಜ್ ಅದು. ಹೊಗೆ ಕಾಣದ್ದು, ಬೇಗ ಕೆಡುವಂಥದ್ದು. ಅದಕ್ಕೇ ಬವೇರಿಯಾದಲ್ಲಿ ಮಧ್ಯಾಹ್ನ ಹನ್ನೆರಡರ ಗಂಟೆ ಹೊಡೆಯುವುದರೊಳಗೆ ತಿಂದು ಮುಗಿಸುವ ರೂಢಿ. ಅಜ್ಜ ಅದನ್ನು ವಾರಕ್ಕೊಮ್ಮೆ ಮಾಡಿ ಫ್ರೀಜ್ ಮಾಡುತ್ತಿದ್ದರು. ಇವರು ಶನಿವಾರ ಬೆಳಗ್ಗೆ ಮಾಡಿ ಅವತ್ತೇ ಖಾಲಿ ಮಾಡುತ್ತಾರೆ. ಮನೆಯಲ್ಲಿ ಕುದಿಸಬೇಡಿ, ಸಿಪ್ಪೆ ಒಡೆದು ನೀರೆಲ್ಲ ಹಾಳು. ಒಲೆ ಆರಿಸಿ ಬಿಸಿ ನೀರಲ್ಲಿ ಹತ್ತು ನಿಮಿಷ ಬಿಡಿ. ತುದಿ ಕತ್ತರಿಸಿ ಮಾವಿನಹಣ್ಣಿನ ಹಾಗೆ ಚೀಪಿ ತಿನ್ನುವುದೂ ಅಲ್ಲಿನ ಪದ್ಧತಿಯೇ, ನಾಚಿಕೆ ಬೇಡ. ಜೊತೆಗೆ ಸಿಹಿ ಸಾಸಿವೆ ಇರಲೇಬೇಕು. ರೇಗನ್ಸ್‌ಬುರ್ಗ್‌ನ ಹ್ಯಾಂಡ್ಲ್‌ಮಾಯರ್ ಬಾಟಲಿ ಈಗಲೂ ಅದೇ ಶೆಲ್ಫಿನಲ್ಲಿದೆ.

ರೈ ಬ್ರೆಡ್ಡೂ ಸುಧಾರಿಸಿದೆ. ಈಗ ಹುಳಿಹಿಟ್ಟಿನದು, ಇಟ್ಟಿಗೆಯಷ್ಟು ಭಾರ, ಐದನೇ ದಿನಕ್ಕೂ ಚೆನ್ನಾಗಿರುತ್ತದೆ. ಲೇಬರ್‌ಕೇಸ್ (ನುಣ್ಣಗೆ ಅರೆದ ಮಾಂಸವನ್ನು ಅಚ್ಚಿನಲ್ಲಿಟ್ಟು ಬೇಯಿಸಿದ್ದು) ಮಾತ್ರ ಸಪ್ಪೆ. ಹೆಸರಲ್ಲಿ ಲಿವರ್ರೂ ಚೀಸೂ ಇದ್ದರೂ ಬವೇರಿಯಾದ್ದರಲ್ಲಿ ಎರಡೂ ಇರುವುದಿಲ್ಲ. ಇರುವುದೆಲ್ಲ ಮಸಾಲೆಯ ಆಟ. ಅಜ್ಜ ಬಿಟ್ಟುಹೋದ ನೋಟ್‌ಬುಕ್ಕಿನಲ್ಲಿ ಮಾರ್ಜೋರಮ್ ಅನ್ನುವ ಸುವಾಸನೆಯ ಸೊಪ್ಪಿನ ಎದುರಿಗೆ 'ಒಂದು ಹಿಡಿ' ಅಂತ ಬರೆದಿದೆಯಂತೆ. ಮಾಲೀಕರು ತಮ್ಮ ಕೈ ಬಿಚ್ಚಿ ತೋರಿಸಿದರು. ನನಗೆ ಅಜ್ಜನ ಕೈ ನೆನಪಿದೆ, ಬೇಕನ್ ಹಾಳೆಗಳನ್ನು ಇಸ್ಪೀಟ್ ಎಲೆ ಥರ ಹರಡಿ ತೋರಿಸುತ್ತಿದ್ದ ಕೈ. ಒಂದೂವರೆ ಹಿಡಿ ಹಾಕಿ ನೋಡಿ ಅಂದೆ.

ಉಳಿದ ಸಣ್ಣಪುಟ್ಟದ್ದು: ಮೊದಲು ನಗದು ಮಾತ್ರ, ಈಗ ಕಾರ್ಡ್ ನಡೆಯುತ್ತದೆ. ಆದರೆ ಕಾಲು ಪೌಂಡ್ ಹ್ಯಾಮ್ ಕತ್ತರಿಸಿ ಕೊಟ್ಟದ್ದಕ್ಕೂ ಪರದೆ ತಿರುಗಿಸಿ ಟಿಪ್ಸ್ ಕೇಳುತ್ತಾರೆ, ಅದು ನನಗೆ ಹಿಡಿಸುವುದಿಲ್ಲ. ಮಕ್ಕಳು ಬಂದರೆ ಅಜ್ಜಿ ಕೌಂಟರ್ ಮೇಲಿಂದ ಬಗ್ಗಿ ಒಂದು ಹಾಳೆ ಸಾಸೇಜ್ ಕೈಗಿಡುತ್ತಿದ್ದರು, ಜರ್ಮನಿಯ ಮಾಂಸದಂಗಡಿಗಳಲ್ಲಿ ಅದು ವಾಡಿಕೆ. ಹೊಸಬರು ಒಂದು ವರ್ಷ ನಿಲ್ಲಿಸಿದ್ದರು, ಈಗ ಅಪ್ಪ ಅಮ್ಮನನ್ನು ಕೇಳಿ ಕೊಡುತ್ತಾರೆ. ಕೇಳುವುದು ಒಳ್ಳೆಯದೇ; ನಮ್ಮವರಲ್ಲಿ ಎಷ್ಟೋ ಮಂದಿ ಸಸ್ಯಾಹಾರಿಗಳು, ಬ್ರೆಡ್ಡು, ಉಪ್ಪಿನ ಸೌತೆಕಾಯಿ, ಕ್ರಿಸ್‌ಮಸ್‌ಗೆ ಸ್ಟೋಲನ್ (ಒಣಹಣ್ಣು ಹಾಕಿದ ಸಿಹಿ ಬ್ರೆಡ್) ಕೊಳ್ಳಲು ಬರುತ್ತಾರೆ.

ಹೊಗೆಗೂಡಿನ ರಿಪೇರಿ ಕಳೆದ ತಿಂಗಳು ಮುಗಿಯಿತು. ಮೊದಲ ಒಬ್ಬೆಯ ತುದಿ ತುಂಡೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಬಾಣಲೆಯಲ್ಲಿ ನೊರೆ ಬರಲಿಲ್ಲ. ಉಪ್ಪು ಸ್ವಲ್ಪ ಮುಂದು.