ಸಿಂಪಲ್ ಪ್ರೆಸೆಂಟ್ ಕಲಿಸಲು ಕೋಷ್ಟಕವೋ, ಕನ್ನಡ ವಾಕ್ಯವೋ?

ಹಾಸನದ ನಮ್ಮ ಮನೆಗೆ ಸಂಜೆ ಪಾಠಕ್ಕೆ ಬರುವ ಪ್ರೌಢಶಾಲೆಯ ಮಕ್ಕಳಿಗೆ ಇಂಗ್ಲಿಷಿನ ಸಿಂಪಲ್ ಪ್ರೆಸೆಂಟ್ ಟೆನ್ಸನ್ನು, ಅಂದರೆ ನಿತ್ಯದ ರೂಢಿಯನ್ನು ಹೇಳುವ ವರ್ತಮಾನ ಕಾಲವನ್ನು, ನಾನು ಎರಡು ಬಗೆಯಲ್ಲಿ ಹೇಳಿಕೊಟ್ಟು ನೋಡಿದ್ದೇನೆ. ಮೊದಲ ವರ್ಷ ವ್ಯಾಕರಣ ಪುಸ್ತಕದ ಕೋಷ್ಟಕವನ್ನು ಬಾಯಿಪಾಠ ಮಾಡಿಸಿದೆ. ಮರುವರ್ಷ ಕನ್ನಡ ವಾಕ್ಯವನ್ನು ಪಕ್ಕದಲ್ಲಿ ಬರೆದುಕೊಂಡು ಪಾಠ ಆರಂಭಿಸಿದೆ.

‘ಹೀ’, ‘ಶೀ’, ‘ಇಟ್’ ಬಂದರೆ ಕ್ರಿಯಾಪದದ ಕೊನೆಗೆ ಎಸ್ ಅಥವಾ ಇಎಸ್ ಸೇರುತ್ತದೆ, ಉಳಿದೆಡೆ ಸೇರುವುದಿಲ್ಲ ಎಂಬ ನಿಯಮವು ಕೋಷ್ಟಕದಿಂದ ಒಂದೇ ವಾರದಲ್ಲಿ ಮಕ್ಕಳ ಬಾಯಿಗೆ ಬಂತು. ಬಿಟ್ಟ ಸ್ಥಳ ತುಂಬುವುದರಲ್ಲಿ ತಪ್ಪುಗಳೂ ಕಡಿಮೆಯಾದವು. ಆದರೆ ಈ ಕಾಲವನ್ನು ಯಾವಾಗ ಬಳಸಬೇಕೆಂಬುದು ಅವರಿಗೆ ತಿಳಿಯಲಿಲ್ಲ. ಕೋಷ್ಟಕವನ್ನು ತಡವರಿಸದೆ ಒಪ್ಪಿಸಿದ ಹುಡುಗನೇ, ದಿನಾ ಶಾಲೆಗೆ ಹೇಗೆ ಬರುತ್ತೀಯಪ್ಪಾ ಎಂದರೆ, ‘ಐ ಕಮ್ ಬೈ ಬಸ್’ ಎನ್ನುವ ಬದಲು ‘ಐ ಆಮ್ ಕಮಿಂಗ್ ಬೈ ಬಸ್’ ಎನ್ನುತ್ತಿದ್ದ.

ಕನ್ನಡದ ‘ಹೋಗುತ್ತೇನೆ’ ಎಂಬ ಒಂದೇ ರೂಪ ನಿತ್ಯದ ರೂಢಿಗೂ ನಾಳೆಯ ಕೆಲಸಕ್ಕೂ ಒದಗುತ್ತದೆ. ‘ದಿನಾ ಬೇಲೂರಿಗೆ ಹೋಗುತ್ತೇನೆ’ ಎಂಬುದು ‘ಐ ಗೋ’ ಆದರೆ, ‘ನಾಳೆ ಹೋಗುತ್ತೇನೆ’ ಎಂಬುದು ‘ಐ ವಿಲ್ ಗೋ’, ‘ಈಗ ಹೋಗುತ್ತಿದ್ದೇನೆ’ ಎಂಬುದು ‘ಐ ಆಮ್ ಗೋಯಿಂಗ್’. ಈ ಮೂರನ್ನೂ ಒಟ್ಟಿಗೆ ಬರೆದ ದಿನವೇ ಮಕ್ಕಳು ‘ದಿನಾ’, ‘ನಾಳೆ’, ‘ಈಗ’ ಎಂಬ ಪದಗಳನ್ನು ಹುಡುಕಲು ಕಲಿತರು. ‘ಹಾಸನಾಂಬ ಟೆಂಪಲ್ ಓಪನ್ಸ್ ಒನ್ಸ್ ಎ ಇಯರ್’, ‘ದಿ ಯಗಚಿ ಜಾಯಿನ್ಸ್ ದಿ ಹೇಮಾವತಿ’ ಎಂಬ ವಾಕ್ಯಗಳನ್ನು ಅವರೇ ಕಟ್ಟಿದರು.

ನಿಷೇಧ ವಾಕ್ಯದಲ್ಲಂತೂ ಕನ್ನಡದ ನೆರವು ನನಗೇ ಅಚ್ಚರಿ ತಂದಿತು. ಒಬ್ಬ ಹುಡುಗಿ ಪದೇಪದೇ ‘ಶೀ ಡಸ್ ನಾಟ್ ಗೋಸ್’ ಎಂದು ಬರೆಯುತ್ತಿದ್ದಳು. ನಾನು ಹಲಗೆಯ ಮೇಲೆ ‘ಅವಳು ಹೋಗುತ್ತಾಳೆ’ ಎಂದು ಬರೆದು, ಇದನ್ನು ‘ಇಲ್ಲ’ ಎಂದು ತಿರುಗಿಸು ಎಂದೆ. ಅವಳು ‘ತ್ತಾಳೆ’ಯನ್ನು ಬಟ್ಟೆಯಿಂದ ಒರೆಸಿ ‘ಹೋಗುವುದಿಲ್ಲ’ ಎಂದು ಬರೆದಳು. ಅವನು, ಅವಳು, ಅವರು ಎಲ್ಲರಿಗೂ ‘ಹೋಗುವುದಿಲ್ಲ’ ಒಂದೇ ಆಗಿರುವಂತೆ ಇಂಗ್ಲಿಷಿನಲ್ಲೂ ‘ಗೋ’ ಬರಿದಾಗಿ ನಿಲ್ಲುತ್ತದೆ, ಅದರ ಎಸ್ ಮಾತ್ರ ‘ಡು’ವಿಗೆ ದಾಟಿ ‘ಡಸ್’ ಆಗುತ್ತದೆ ಎಂದು ವಿವರಿಸಿದ ಮೇಲೆ ಆ ತಪ್ಪು ಅವಳ ಪುಸ್ತಕದಲ್ಲಿ ಮತ್ತೆ ಕಾಣಲಿಲ್ಲ.

ಆದರೂ ಒಂದೆಡೆ ಕನ್ನಡವೇ ದಾರಿ ತಪ್ಪಿಸುತ್ತದೆ. ‘ನಮ್ಮ ಮೇಷ್ಟ್ರು ಬರುತ್ತಾರೆ’ ಎಂಬ ಗೌರವದ ಬಹುವಚನವನ್ನು ಮನಸ್ಸಿನಲ್ಲಿಟ್ಟುಕೊಂಡು ಮಕ್ಕಳು ‘ಅವರ್ ಟೀಚರ್ ಕಮ್’ ಎನ್ನುತ್ತಾರೆ. ಇಂಗ್ಲಿಷಿಗೆ ಎಷ್ಟೇ ಹಿರಿಯರಾದರೂ ಒಬ್ಬರು ಒಬ್ಬರೇ, ಅಲ್ಲಿ ಎಸ್ ಬೇಕೇ ಬೇಕು. ಇದಕ್ಕೆ ಕೋಷ್ಟಕದ ಅಭ್ಯಾಸದಷ್ಟು ಗಟ್ಟಿಯಾದ ಮದ್ದು ನನಗೆ ಸಿಕ್ಕಿಲ್ಲ. ಆದ್ದರಿಂದ ಈ ವರ್ಷ ಎರಡು ವಾರ ಕನ್ನಡ ವಾಕ್ಯಗಳಿಂದ ಪಾಠ ನಡೆಸಿ, ಮೂರನೆಯ ವಾರ ಕೋಷ್ಟಕ ಹಾಕಿಸುತ್ತಿದ್ದೇನೆ. ಅದರ ‘ಹೀ’, ‘ಶೀ’ ಸಾಲುಗಳಲ್ಲಿ ಮಕ್ಕಳು ತಮ್ಮ ಮೇಷ್ಟ್ರು, ತಾತ, ಅಜ್ಜಿಯರನ್ನೇ ಬರೆಯುತ್ತಾರೆ.