ಮಂಗಲಪೇಟೆಯ ಬೋರ್ಡಿಲ್ಲದ ಬೈಂಡಿಂಗ್ ಅಂಗಡಿ: ಹಳೆ ಸತ್ಯವೇದ ಕೊಟ್ಟು ನೋಡಿದ್ದು

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿತ ಮಾಡಿದ್ದು ತಡ ಮಾಡಿದ್ದಕ್ಕೆ. ಬಾಯಿ ಖಾರ ಅನ್ನೋದಕ್ಕೆ ಇನ್ನರ್ಧ ಕಡಿಯಬಹುದಿತ್ತು. ಆದರೆ ಆ ಬಾಯಿಂದಲೇ ಒಂದೆರಡು ಒಳ್ಳೆ ಮಾತೂ ಬಂದವು. ಹಾಗಾಗಿ ಅಲ್ಲಿಗಲ್ಲಿಗೆ ವಜಾ.

ಬೀದರಿನ ಮಂಗಲಪೇಟೆಯಲ್ಲಿ, ಮೆಥಡಿಸ್ಟ್ ಚರ್ಚಿನ ಆಸುಪಾಸಿನ ಒಂದು ಓಣಿಯೊಳಗೆ ಈ ಅಂಗಡಿ ಇದೆ. ಅಂಗಡಿ ಅನ್ನೋದೂ ದೊಡ್ಡ ಮಾತೇ. ಮನೆಯ ಮುಂದಿನ ಕೋಣೆ, ಅದರಲ್ಲಿ ಒಂದು ಕಬ್ಬಿಣದ ಪ್ರೆಸ್ಸು, ಒಂದು ಹೊಲಿಗೆ ಚೌಕಟ್ಟು, ಗೋಡೆಗೆ ಆನಿಸಿಟ್ಟ ರಟ್ಟು. ‘ಬೈಂಡಿಂಗ್ ಕಾಕಾ ಎಲ್ಲಿ’ ಅಂತ ಕೇಳಿದರೆ ತೋರಿಸುತ್ತಾರೆ. ನಾನು ಇರೋದು ಕಲಬುರಗಿಯಲ್ಲಿ. ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆದು ರಿಟೈರ್ ಆದವನು. 2017ರಲ್ಲಿ ಬೀದರ್–ಕಲಬುರಗಿ ರೈಲು ಶುರುವಾದ ಮೇಲೆ ಈ ಓಡಾಟ ಸುಲಭವಾಗಿದೆ. ಹುಮನಾಬಾದ್ ಮೇಲೆ ಹಾಯಾಗಿ ಬರಬಹುದು, ಬಸ್ಸಿನ ಕುಲುಕಾಟ ಇಲ್ಲ.

ನಾನು ಕೊಟ್ಟದ್ದು ನಮ್ಮ ಅಪ್ಪನ ಕಾಲದ ಸತ್ಯವೇದ, ಅಂದರೆ ಕನ್ನಡ ಬೈಬಲ್. ಬೆನ್ನು ಪೂರ್ತಿ ಕಿತ್ತು ಬಂದಿತ್ತು. ಆದಿಕಾಂಡದ ಮೊದಲ ಹಾಳೆಗಳು ಇರಲೇ ಇಲ್ಲ. ನಡುನಡುವೆ ನಮ್ಮವ್ವ ಸೆಲ್ಲೋಟೇಪ್ ಹಚ್ಚಿದ್ದಳು. ಅದು ಹಳದಿಯಾಗಿ, ಅಂಟು ಸತ್ತು, ಹಾಳೆ ಮೇಲೆ ಎಣ್ಣೆ ಕಲೆಯಂಥ ಗುರುತು ಬಿಟ್ಟಿತ್ತು. ಮೊದಲು ನಮ್ಮ ಕಡೆಯ ಒಂದು ಝೆರಾಕ್ಸ್ ಅಂಗಡಿಗೆ ಒಯ್ದಿದ್ದೆ. ಅಲ್ಲಿನ ಹುಡುಗ ಪುಸ್ತಕ ನೋಡುವ ಮೊದಲೇ ಡ್ರಿಲ್ ಮಷಿನ್ ಕೈಗೆ ತಗೊಂಡ. ಬದಿಯಲ್ಲಿ ಮೂರು ತೂತು ಹಾಕಿ ದಾರ ಎಳೆದರೆ ಐದು ನಿಮಿಷದ ಕೆಲಸವಂತೆ. ಹಾಗೆ ಮಾಡಿದ ಪುಸ್ತಕ ಪೂರ್ತಿ ತೆರೆಯೋದಿಲ್ಲ. ಒಳಗಿನ ಅಕ್ಷರ ಹೊಲಿಗೆಯೊಳಗೆ ಸೇರಿಬಿಡುತ್ತದೆ. ವಾಪಸ್ ತಂದೆ.

ಕಾಕಾ ಮಾಡುವ ರೀತಿ ಬೇರೆ. ಹಳೆ ದಾರ ಬಿಡಿಸಿ ಫಾರಂ ಫಾರಂ, ಅಂದರೆ ಮಡಿಚಿದ ಹಾಳೆಗಳ ಒಂದೊಂದು ಕಟ್ಟು, ಬೇರೆ ಮಾಡುತ್ತಾರೆ. ಹಳೆ ಸರೇಸನ್ನು ಒದ್ದೆ ಬಟ್ಟೆ ಇಟ್ಟು ನೆನೆಸಿ ಕೆರೆಯುತ್ತಾರೆ. ಮಡಿಕೆಯಲ್ಲಿ ಹರಿದ ಹಾಳೆಗೆ ಒಳಗಿನಿಂದ ತೆಳ್ಳನೆ ಟಿಶ್ಯೂ ಪಟ್ಟಿ ಅಂಟಿಸುತ್ತಾರೆ. ಸತ್ಯವೇದದ ಹಾಳೆ ಎಷ್ಟು ತೆಳು ಅಂತ ಗೊತ್ತಲ್ಲ, ಅಂಟು ಒಂದು ಹನಿ ಜಾಸ್ತಿಯಾದರೂ ಹಿಂದಿನ ಅಕ್ಷರ ಮುಂದೆ ಕಾಣುತ್ತದೆ. ಅವರ ಅಂಟು ಅಂದರೆ ಮೈದಾ ಹಿಟ್ಟಿನ ಗಂಜಿ, ‘ಸರಿ’ ಅಂತಾರೆ, ಅದರಲ್ಲಿ ಚಿಟಿಕೆ ಮೈಲುತುತ್ತು. ಹುಳ ಹತ್ತೋದಿಲ್ಲ. ಆಮೇಲೆ ಒಂದೊಂದೇ ಫಾರಂ ಹೊಲಿದು, ಬೆನ್ನಿಗೆ ಜಾಳು ಬಟ್ಟೆ ಹಚ್ಚಿ, ಪ್ರೆಸ್ಸಿನಲ್ಲಿ ಬಿಗಿದು ಇಡುತ್ತಾರೆ. ಇಷ್ಟೆಲ್ಲ ಆದ ಮೇಲೆ ಕಪ್ಪು ರೆಕ್ಸಿನ್ ಹೊದಿಕೆ. ಹೊದಿಕೆ ಬಿದ್ದ ಮೇಲೆ ಒಳಗಿನದು ಒಂದೂ ಕಾಣೋದಿಲ್ಲ. ಟಿಶ್ಯೂ ಬಿಟ್ಟು ಬರೀ ಫೆವಿಕಾಲ್ ಬಳಿದಿದ್ದರೂ ನನ್ನಂಥವನಿಗೆ ಗೊತ್ತಾಗುತ್ತಿರಲಿಲ್ಲ. ಇನ್ನೊಂದು ನಾಲ್ಕೈದು ವರ್ಷ ಸುಮ್ನೆ ನಡೆಯುತ್ತಿತ್ತು.

ಪುಸ್ತಕ ಬಿಚ್ಚಿದ ಮೇಲೆ ಕಾಕಾ ನನಗೆ ಫೋನ್ ಮಾಡಿದರು. ‘ಅಂಚು ಕತ್ತರಿಸ್ಲೇನ್ರಿ? ಕತ್ತರಿಸಿದ್ರ ಚಂದ ಕಾಣ್ತದ. ಆದ್ರ ಇಲ್ಲಿ ಯಾರೋ ಲೆಕ್ಕ ಬರದಾರ ನೋಡ್ರಿ.’

ಹೋಗಿ ನೋಡಿದೆ. ಹಳೆ ಒಡಂಬಡಿಕೆಯ ಕೊನೆಯಲ್ಲಿ ಬರುವ ಮಲಾಕಿಯನ ಪುಸ್ತಕ, 3ನೇ ಅಧ್ಯಾಯ. ಹತ್ತನೇ ಪಾಲು ತನ್ನಿ, ನನ್ನನ್ನು ಪರೀಕ್ಷೆ ಮಾಡಿ ನೋಡಿ, ಆಕಾಶದ ಬಾಗಿಲು ತೆರೆದು ಸುರಿಸದೆ ಇರುತ್ತೇನೋ ಅಂತ ದೇವರು ಕೇಳುವ ಜಾಗ. ಅದರ ಅಂಚಿನಲ್ಲಿ ಅಪ್ಪನ ಕೈಬರಹ, ಪೆನ್ಸಿಲ್ಲಿನದು. ಎಡಕ್ಕೆ ‘ಕಾಣಿಕೆ ರೂ. 10’, ಬಲಕ್ಕೆ ‘ತೊಗರಿ 6 ಚೀಲ’. ಎಡಕ್ಕೆ ‘ರೂ. 5’, ಬಲಕ್ಕೆ ‘ಎಮ್ಮೆ ಈಯಿತು’. ಜಮಾ, ಖರ್ಚು! ನಾನು ಜೀವಮಾನವಿಡೀ ಬರೆದದ್ದನ್ನೇ ನಮ್ಮಪ್ಪ ದೇವರ ಜೊತೆ ಬರೆದಿದ್ದ. ದೇವರು ‘ಪರೀಕ್ಷೆ ಮಾಡಿ’ ಅಂದಿದ್ದನಲ್ಲ, ಹೊಲ ಇದ್ದ ಮನುಷ್ಯ, ಮಾಡಿ ನೋಡಿದ್ದಾನೆ. ತಪ್ಪೇನಿಲ್ಲ.

1972 ಅಂತ ಬರೆದ ಸಾಲಿನಲ್ಲಿ ಎಡಕ್ಕೆ ‘ರೂ. 2’ ಅಂತಿದೆ. ಬಲಕ್ಕೆ ಏನೂ ಇಲ್ಲ. ಆ ವರ್ಷದ ಬರ ನಮ್ಮ ಭಾಗದ ಹಳಬರಿಗೆ ಯಾರಿಗೂ ಹೇಳಿಕೊಡಬೇಕಿಲ್ಲ. ಅಲ್ಲಿಂದ ಮುಂದೆ ಲೆಕ್ಕವೇ ಇಲ್ಲ.

ಕೆಲವೇ ಹಾಳೆ ಹಿಂದೆ ಹೋದರೆ ಹಬಕ್ಕೂಕ ಸಿಗುತ್ತಾನೆ. ಅವನ 3ನೇ ಅಧ್ಯಾಯದ ಕೊನೆಯಲ್ಲಿ ಅವ್ವ ಗೆರೆ ಎಳೆದಿದ್ದಾಳೆ. ಅವಳಿಗೆ ಬರೆಯಲು ಅಷ್ಟಾಗಿ ಬರುತ್ತಿರಲಿಲ್ಲ, ಗೆರೆ ಮಾತ್ರ ಎಳೆಯುತ್ತಿದ್ದಳು. ಅಂಜೂರ ಚಿಗುರದೆ ಹೋದರೂ, ದ್ರಾಕ್ಷಿ ಬಳ್ಳಿಯಲ್ಲಿ ಹಣ್ಣಿಲ್ಲದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ಕರ್ತನಲ್ಲಿ ಸಂತೋಷಪಡುತ್ತೇನೆ ಅನ್ನುವ ಮಾತು ಅದು. ಅಂಜೂರ, ದ್ರಾಕ್ಷಿ ನಮ್ಮೂರಿನದಲ್ಲ. ಕೊಟ್ಟಿಗೆ ಮಾತ್ರ ನಮ್ಮದೇ. ಆ ವರ್ಷ ದನ ಮಾರಿದ್ದು ನನಗೆ ನೆನಪಿದೆ.

ಲೆಕ್ಕ ನಿಂತಿತು ಅಂದರೆ ಅಪ್ಪ ಕಾಣಿಕೆ ಕೊಡೋದನ್ನೂ ನಿಲ್ಲಿಸಿದ ಅಂತಲ್ಲ. ಭಾನುವಾರ ಆರಾಧನೆಗೆ ಹೋಗುವಾಗ ಚೀಲಕ್ಕೆ ಹಾಕುವ ದುಡ್ಡು ನನ್ನ ಕೈಗೇ ಕೊಡುತ್ತಿದ್ದ. ಬರದಲ್ಲೂ ಕೊಟ್ಟ, ಬರ ಹೋದ ಮೇಲೂ ಕೊಟ್ಟ. ಬರೆಯೋದನ್ನು ಮಾತ್ರ ಬಿಟ್ಟ.

ಅಂಚು ಕತ್ತರಿಸಬೇಡಿ ಅಂದೆ. ಹಾಗಾಗಿ ನನ್ನ ಪುಸ್ತಕದ ಮೂರೂ ಬದಿ ಏರುಪೇರಾಗಿದೆ, ಇಲಿ ಕಡಿದಂತೆ ಕಾಣುತ್ತದೆ. ಫೋಟೋ ನೋಡಿ ‘ಇದೇನು ಫಿನಿಶಿಂಗ್’ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅದು ಬೇಕಂತಲೇ ಬಿಟ್ಟದ್ದು. ಬೇರೆಯವರಾಗಿದ್ದರೆ ಕೇಳದೆಯೇ ಮಷಿನ್ನಿಗೆ ಒಡ್ಡುತ್ತಿದ್ದರು. ಅಪ್ಪನ ಎಡಗಡೆಯ ಕಾಲಂ ಪೂರ್ತಿ ಹೋಗುತ್ತಿತ್ತು.

ಇನ್ನು ರೇಟು. ನನ್ನ ಪುಸ್ತಕಕ್ಕೆ 350 ರೂಪಾಯಿ ತಗೊಂಡರು. ಈ ಕೆಲಸಕ್ಕೆ ಅದು ಕಮ್ಮಿಯೇ. ಆದರೆ ಚೌಕಾಸಿ ನಡೆಯೋದಿಲ್ಲ, ಎರಡೂ ಕಡೆಗೆ. ನಾನು ಕೂತಿದ್ದಾಗಲೇ ಒಬ್ಬರು ಕಾರಿನಲ್ಲಿ ಬಂದರು. ಬಿಳಿ ಅಂಗಿ, ಚೈನು ಹಾಕಿದ ಕವರಿನಲ್ಲಿ ದೊಡ್ಡ ಸತ್ಯವೇದ. ಊರೂರು ತಿರುಗಿ ಪ್ರಸಂಗ ಮಾಡುವವರಂತೆ. ‘ದೇವರ ಕೆಲಸ ಬ್ರದರ್, ಸ್ವಲ್ಪ ನೋಡಿ ಮಾಡಿಕೊಡಿ. ಕರ್ತನು ನಿಮಗೆ ನೂರರಷ್ಟು ತಿರುಗಿ ಕೊಡುತ್ತಾನೆ’ ಅಂದರು. ಕಾಕಾ ತಲೆ ಎತ್ತಲಿಲ್ಲ. ಸೂಜಿಗೆ ದಾರ ಪೋಣಿಸುತ್ತಲೇ, ‘ನೂರರಷ್ಟು ಬ್ಯಾಡ್ರಿ. ಮುನ್ನೂರ ಐವತ್ತು ಕೊಡ್ರಿ, ಸಾಕು’ ಅಂದರು.

ನಾನು ನಕ್ಕುಬಿಟ್ಟೆ. ಅವರಿಗೆ ನಗು ಬರಲಿಲ್ಲ, ಇಬ್ಬರಿಗೂ.

ಈ ‘ನೂರರಷ್ಟು’ ಅನ್ನುವ ಮಾತು ಈಗ ನಮ್ಮ ಕೂಟಗಳಲ್ಲಿ ಜಾಸ್ತಿಯಾಗಿದೆ. ಇಷ್ಟು ಬಿತ್ತಿದರೆ ಅಷ್ಟು ಕೊಯ್ಯುತ್ತೀರಿ, ಕಾಣಿಕೆ ಕೊಟ್ಟ ತಿಂಗಳೊಳಗೆ ಮಗನಿಗೆ ನೌಕರಿ, ಸೈಟು, ವೀಸಾ. ಸಾಕ್ಷಿ ಹೇಳುವವರು ವೇದಿಕೆ ಹತ್ತಿ ಅದನ್ನೇ ಹೇಳುತ್ತಾರೆ. ಬಲಗಡೆಯ ಕಾಲಂ ಖಾಲಿ ಇದ್ದವರು ವೇದಿಕೆ ಹತ್ತಿದ್ದನ್ನು ನಾನಂತೂ ನೋಡಿಲ್ಲ. ಸತ್ಯವೇದದ ಯೋಬನ ಪುಸ್ತಕದಲ್ಲಿ, ಭಕ್ತನಾದ ಆ ಯೋಬನ ಬಗ್ಗೆ ಸೈತಾನ ದೇವರಿಗೆ ಕೇಳುವ ಪ್ರಶ್ನೆ ಇದೇ ಅಲ್ವಾ: ಅವನೇನು ಲಾಭ ಇಲ್ಲದೆ ನಿನ್ನಲ್ಲಿ ಭಕ್ತಿ ಇಟ್ಟಿದ್ದಾನೋ? ಲಾಭ ಕಿತ್ತುಕೋ, ಆಮೇಲೆ ನೋಡು. ಕಿಡಿಗೇಡಿ ಪ್ರಶ್ನೆ. ಆದರೆ ಸರಿಯಾದ ಪ್ರಶ್ನೆ. ಕೂಟದ ಬ್ಯಾನರಿನಲ್ಲಿ ಅದನ್ನು ಯಾರೂ ಬರೆಸೋದಿಲ್ಲ.

ಹಾಗಂತ ದೇವರ ಕೆಲಸ ಮಾಡುವವರು ದುಡ್ಡು ಮುಟ್ಟಬಾರದು ಅಂತ ನಾನು ಹೇಳುತ್ತಿಲ್ಲ. ಕೆಲಸಗಾರನು ತನ್ನ ಕೂಲಿಗೆ ಯೋಗ್ಯನು ಅಂತ ಯೇಸುಸ್ವಾಮಿಯೇ ಹೇಳಿದ್ದು ಲೂಕನ 10ನೇ ಅಧ್ಯಾಯದಲ್ಲಿದೆ. ಕೂಲಿ ತಗೊಂಡು ಕೆಲಸ ಮಾಡೋದು ಒಂದು. ದೇವರನ್ನು ಸಾಲಗಾರ ಮಾಡಿ ಕೂರಿಸೋದು ಇನ್ನೊಂದು. ಕಾಕಾ ಮೊದಲನೆಯದನ್ನು ಮಾಡುತ್ತಾರೆ. ನಾನು 500ರ ನೋಟು ಕೊಟ್ಟು ‘ಇರಲಿ ಬಿಡ್ರಿ’ ಅಂದೆ. 150 ಎಣಿಸಿ ನನ್ನ ಅಂಗೈಗೆ ಒತ್ತಿದರು. ಮಾತಾಡಲಿಲ್ಲ. ನಮ್ಮ ಬಸವಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕಥೆ ಈ ಜಿಲ್ಲೆಯಲ್ಲಿ ಗೊತ್ತಿಲ್ಲದವರು ಯಾರು? ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದರೆ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಅಂದವಳು. ನೋಟು ಕೊಡಲು ಹೋದ ನಾನು ಆ ಮಾರಯ್ಯನ ಪಕ್ಕ ನಿಂತಂತಾಯಿತು.

ಒಮ್ಮೆ ನೇರವಾಗಿಯೇ ಕೇಳಿದೆ. ‘ಕಾಕಾ, ಇದನ್ನ ದೇವರ ಸೇವೆ ಅಂತ ಮಾಡ್ತೀರೇನು?’

‘ಹೊಟ್ಟಿಗಿ ಮಾಡ್ತೀನ್ರಿ.’

‘ಮತ್ತ ಒಳಗಿನ ಟಿಶ್ಯೂ? ಅದು ಯಾರಿಗೂ ಕಾಣಂಗಿಲ್ಲಲ್ಲ.’

‘ಹಚ್ಚದಿದ್ರ ಹರೀತದ.’

ಅಷ್ಟೇ. ದೊಡ್ಡ ಉಪದೇಶ ಸಿಗಬಹುದು ಅಂತ ಕಾದಿದ್ದೆ, ಸಿಗಲಿಲ್ಲ. ಪಕ್ಕದ ಮನೆಯ ಅವ್ವಾರು ಮಾತ್ರ ನನ್ನ ಕಿವಿಗೆ ಹಾಕಿದರು: ಚರ್ಚಿನ ಹಾಡಿನ ಪುಸ್ತಕ ಹರಿದದ್ದನ್ನೆಲ್ಲ ಇವರೇ ಕಟ್ಟಿಕೊಡುತ್ತಾರಂತೆ, ದುಡ್ಡು ತಗೊಳ್ಳೋದಿಲ್ಲವಂತೆ. ಹೌದಾ ಅಂತ ಕಾಕಾ ಹತ್ತಿರ ಕೇಳಿದ್ದಕ್ಕೆ ಸಿಟ್ಟಿಗೆದ್ದರು. ‘ಯಾರ್ ಹೇಳಿದ್ರು? ಆಕಿ ಬಾಯಿಗಿ ಬೀಗ ಇಲ್ಲ.’ ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಅಂತ ಮತ್ತಾಯನ 6ನೇ ಅಧ್ಯಾಯದಲ್ಲಿದೆ. ಈಗ ನಾನು ಇಲ್ಲಿ ಬರೆದು ಆ ಎಡಗೈಗೆ ಸುದ್ದಿ ಮುಟ್ಟಿಸುತ್ತಿದ್ದೇನೆ. ಹೆಸರು ಹಾಕಿಲ್ಲ, ಅವರು ಮೊಬೈಲಿನಲ್ಲಿ ಇಂಥದ್ದು ಓದುವವರೂ ಅಲ್ಲ. ನಡೆಯುತ್ತದೆ.

ಆ ಅಧ್ಯಾಯದಲ್ಲಿ ನನಗೆ ಹಿಡಿಸೋದು ಇನ್ನೊಂದು. ಪ್ರತಿಫಲದ ಆಸೆಯೇ ಬೇಡ ಅಂತ ಯೇಸು ಅಲ್ಲಿ ಹೇಳೋದಿಲ್ಲ. ಜನ ನೋಡಲಿ ಅಂತ ತುತ್ತೂರಿ ಊದಿಸಿ ದಾನ ಮಾಡಿದವರಿಗೆ ಬರಬೇಕಾದ್ದು ಬಂದಾಯಿತು ಅನ್ನುತ್ತಾನೆ. ಅಂದರೆ ಖಾತೆ ಚುಕ್ತಾ, ಬಾಕಿ ಏನೂ ಇಲ್ಲ. ಗುಟ್ಟಾಗಿ ಮಾಡಿದವರಿಗೆ ಗುಟ್ಟಾಗಿ ನೋಡುವ ತಂದೆ ಕೊಡುತ್ತಾನೆ. ಏನು ಕೊಡುತ್ತಾನೆ, ಯಾವಾಗ, ಎಷ್ಟು? ಅದನ್ನು ಹೇಳಿಲ್ಲ. ನನ್ನಂಥ ಲೆಕ್ಕಿಗನಿಗೆ ಇದು ಕಷ್ಟದ ಜಾಗ. ಯೇಸು ಬೇರೆ ಕಡೆ ಹೇಳುವ ದ್ರಾಕ್ಷಿ ತೋಟದ ಕೂಲಿಗಳ ಕಥೆಯಂತೂ ಇನ್ನೂ ಕಷ್ಟ. ಬೆಳಗಿನಿಂದ ಬಿಸಿಲಲ್ಲಿ ದುಡಿದವನಿಗೂ ಒಂದು ಬೆಳ್ಳಿ ನಾಣ್ಯ, ಸಂಜೆ ಐದಕ್ಕೆ ಬಂದು ಒಂದು ತಾಸು ದುಡಿದವನಿಗೂ ಒಂದೇ ನಾಣ್ಯ. ನಮ್ಮ ಮಿಲ್ಲಿನಲ್ಲಿ ನಾನು ಹಾಗೆ ಪಗಾರ ಹಂಚಿದ್ದರೆ ಹಮಾಲರು ಗೇಟು ಹಾಕುತ್ತಿದ್ದರು, ಅವರದು ನ್ಯಾಯವೇ ಆಗುತ್ತಿತ್ತು. ಮೊದಲು ಬಂದವರ ದೂರು ಕೂಲಿ ಕಮ್ಮಿಯಾಯಿತು ಅಂತಲ್ಲ, ಪಕ್ಕದವನಿಗೆ ಅಷ್ಟೇ ಸಿಕ್ಕಿತಲ್ಲ ಅಂತ. ಇಷ್ಟು ವರ್ಷ ಓದಿದರೂ ಅದನ್ನು ಓದುವಾಗ ನನಗೆ ಈಗಲೂ ಮೊದಲು ಬಂದವರ ಕಡೆಗೇ ಮನಸ್ಸು ಹೋಗುತ್ತದೆ.

ಮರೆತಿದ್ದೆ, ಈ ಕನ್ನಡ ಸತ್ಯವೇದವೇ ಕಾಕಾನ ಟಿಶ್ಯೂವಿನಂತೆ ಹೊರಗೆ ಕಾಣದ ಕೆಲಸ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು, ವರ್ಷಗಟ್ಟಲೆ ಕೂತು ಅನುವಾದ ಮಾಡಿದರು. ಆಮೇಲೆ ಬಂದವರು ಅದನ್ನು ತಿದ್ದಿದರು, ಮತ್ತೆ ತಿದ್ದಿದರು. ನಮ್ಮ ಕೈಯಲ್ಲಿರುವ ಪುಸ್ತಕದಲ್ಲಿ ಅವರ ಹೆಸರೂ ಇಲ್ಲ. ಇದನ್ನು ಕಾಕಾಗೆ ಹೇಳಿದೆ. ‘ಹೌದೇನು’ ಅಂದು ಸರಿಯ ಬಟ್ಟಲು ಈಚೆ ಸರಿಸಲು ಹೇಳಿದರು.

ದೂರುಗಳು. ಒಂದು ವಾರ ಅಂತ ಹೇಳಿ ತಿಂಗಳ ಮೇಲೆ ಮಾಡಿದರು. ಫೋನ್ ಅವರಾಗಿ ಮಾಡಿದರೆ ಉಂಟು, ನಾವು ಮಾಡಿದರೆ ಎತ್ತೋದಿಲ್ಲ. ರಸೀದಿ ಇಲ್ಲ. ಬೆನ್ನ ಮೇಲೆ ಬಂಗಾರದ ಅಕ್ಷರ ಬೇಕು ಅಂದರೆ ಅವರ ಹತ್ತಿರ ಆ ಮಷಿನ್ ಇಲ್ಲ, ಸ್ಟಿಕರ್ ಹಚ್ಚಿಸಿಕೊಳ್ಳಬೇಕು. ನಾನು ಹಚ್ಚಿಸಲಿಲ್ಲ. ಸೆಲ್ಲೋಟೇಪಿನ ಕಲೆ ಹೋಗಿಲ್ಲ, ಹೋಗೋದಿಲ್ಲ ಅಂತ ಮೊದಲೇ ಹೇಳಿದ್ದರು. ಕೂರಲು ಒಂದೇ ಸ್ಟೂಲು, ಅದೂ ಅಲ್ಲಾಡುತ್ತದೆ.

ಹೋಗುವವರು ಹರಿದ ತುಂಡುಗಳನ್ನೂ ಕವರಿನಲ್ಲಿ ಹಾಕಿಕೊಂಡು ಒಯ್ಯಿರಿ, ಎಷ್ಟು ಚಿಕ್ಕದಿದ್ದರೂ ಹುಡುಕಿ ಜೋಡಿಸುತ್ತಾರೆ. ಮನೆಯಲ್ಲಿ ಟೇಪ್ ಮಾತ್ರ ಹಚ್ಚಬೇಡಿ. ಅಂಚಿನಲ್ಲಿ ಬರವಣಿಗೆ ಇದ್ದರೆ ಕೊಡುವಾಗಲೇ ತೋರಿಸಿ. ಕ್ರಿಸ್‌ಮಸ್ ಮುಂದೆ ಎಲ್ಲರೂ ತರುತ್ತಾರೆ, ಆಗ ರಾಶಿ ಬಿದ್ದಿರುತ್ತದೆ. ಈಸ್ಟರ್ ಕಳೆದ ಮೇಲೆ ಕೊಟ್ಟರೆ ಬೇಗ ಸಿಗುತ್ತದೆ. ಭಾನುವಾರ ಬಾಗಿಲು ಹಾಕಿರುತ್ತದೆ.